ಬೆಟ್ಟ ಬೆನ್ನಿಗೆ, ತೋಟ ಮಡಿಲಿಗೆ

ಶಿರಸಿಯಿಂದ ಹುಲೇಕಲ್ ಕಡೆಗೋ, ಸಿದ್ದಾಪುರದಿಂದ ಹೆಗ್ಗರಣಿ ಕಡೆಗೋ, ಯಲ್ಲಾಪುರದಿಂದ ಮಾಗೋಡಿನ ಕಡೆಗೋ ಬಸ್ಸು ಹತ್ತಿದವರಿಗೆ ಕಿಟಕಿಯಾಚೆ ಊರೇ ಕಾಣುವುದಿಲ್ಲ. ಕಾಡು, ತಿರುವು, ಮತ್ತೆ ಕಾಡು. ನಡುವೆ ಹಂಚಿನ ಮಾಡಿನ ಒಂದು ತಂಗುದಾಣ, ಪಕ್ಕದಲ್ಲಿ ಹಾಲಿನ ಡೇರಿಯ ಫಲಕ, ಕೆಳಗಿಳಿಯುವ ಒಂದು ಕೆಂಪು ಮಣ್ಣಿನ ದಾರಿ. ಬಸ್ಸಿನಿಂದ ನಾಲ್ಕು ಜನ ಇಳಿದು ಆ ದಾರಿ ಹಿಡಿದರೆಂದರೆ ಎರಡೇ ನಿಮಿಷದಲ್ಲಿ ಮರಗಳ ಹಿಂದೆ ಮರೆಯಾಗುತ್ತಾರೆ. ಹೊಸಬರಿಗೆ ಇವರೆಲ್ಲ ಎಲ್ಲಿಗೆ ಹೋದರು ಎಂಬ ಬೆರಗು. ಕೆಳಗೆ ಕಣಿವೆಯಲ್ಲಿ ಹದಿನೈದು ಇಪ್ಪತ್ತು ಮನೆಗಳಿವೆ. ದೇವಸ್ಥಾನವಿದೆ, ಪ್ರಾಥಮಿಕ ಶಾಲೆಯಿದೆ, ಸೇವಾ ಸಹಕಾರಿ ಸಂಘದ ಅಂಗಡಿಯಿದೆ. ತಲೆಮಾರುಗಟ್ಟಲೆ ಸಂಸಾರಗಳು ಅಲ್ಲಿ ನಡೆದು ಬಂದಿವೆ.

ಉತ್ತರ ಕನ್ನಡದ ಈ ಮೂರು ತಾಲ್ಲೂಕುಗಳ ಹಸಿರನ್ನು ಹೊಗಳುವವರು ಅದನ್ನು ಪ್ರಕೃತಿಯ ಕೊಡುಗೆ ಎನ್ನುತ್ತಾರೆ. ಮಳೆ ಕೊಟ್ಟದ್ದು, ಸಹ್ಯಾದ್ರಿ ಕೊಟ್ಟದ್ದು ಬಹಳ ಇದೆ, ನಿಜ. ಆದರೆ ಅಷ್ಟೇ ಮಳೆ ಬೀಳುವ, ಅಂಥದೇ ಮಣ್ಣಿರುವ ಎಷ್ಟೋ ಗುಡ್ಡಗಳು ಬೋಳಾಗಿಹೋಗಿವೆ. ಇಲ್ಲಿ ಹಸಿರು ಉಳಿದದ್ದಕ್ಕೆ ಜನ ಇಲ್ಲಿ ಮನೆ ಕಟ್ಟಿಕೊಂಡ ಕ್ರಮವೂ ಕಾರಣ. ಯಾವುದನ್ನು ಎಲ್ಲಿಡಬೇಕು, ಎಷ್ಟು ಕಡಿಯಬೇಕು, ಯಾವುದನ್ನು ಮುಟ್ಟಲೇಬಾರದು ಎಂಬ ಲೆಕ್ಕ ಈ ಕೇರಿಗಳ ಅಡಿಪಾಯದಲ್ಲೇ ಇದೆ. ಆ ಲೆಕ್ಕ ಗೊತ್ತಿರುವ ಕೈಗಳು ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಅದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡಬೇಕು ಅನ್ನಿಸುತ್ತದೆ.

ಒಂದು ಕೇರಿಯನ್ನು ಮೇಲಿನಿಂದ ಕೆಳಕ್ಕೆ ನಡೆದು ನೋಡಿದರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ತುತ್ತತುದಿಯಲ್ಲಿ ಕಾನು. ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳದ ನಿತ್ಯಹಸಿರಿನ ಕಾಡು ಅದು. ಅಲ್ಲೊಂದು ಕಲ್ಲು, ಅದಕ್ಕೊಂದು ಕುಂಕುಮ. ಚೌಡಿ, ಹುಲಿದೇವರು, ಜಟಕ ಹೀಗೆ ಒಂದೊಂದು ಊರಿಗೆ ಒಬ್ಬೊಬ್ಬರು. ಕಾನಿನೊಳಗೆ ಕೊಡಲಿ ಒಯ್ಯುವುದಿಲ್ಲ ಎಂಬ ನಂಬಿಕೆ ಬಹಳ ಕಡೆ ಇತ್ತು. ಕಾನಿನ ಕೆಳಗೆ ಸೊಪ್ಪಿನ ಬೆಟ್ಟ. ಮತ್ತಿ, ನಂದಿ, ಹೊನ್ನೆ, ನೇರಳೆ, ಕವಲು ಮರಗಳ ಈ ಇಳಿಜಾರು ತೋಟಕ್ಕೆ ಗೊಬ್ಬರದ ಮೂಲ. ಬೆಟ್ಟದ ಬುಡದಲ್ಲಿ ಮನೆ: ಎತ್ತರದ ಜಗುಲಿ, ಅಡಿಕೆ ಒಣಗಿಸಲು ವಿಶಾಲವಾದ ಅಂಗಳ, ಒಂದು ಬದಿಗೆ ಕೊಟ್ಟಿಗೆ, ಹಿಂದೆ ಹಿತ್ತಲು. ಮನೆಯ ಕೆಳಗೆ ಅಡಿಕೆ ತೋಟ. ತೋಟದ ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಕಣಿವೆ ಅಗಲವಾಗುತ್ತ ಹೋದಲ್ಲಿ ಭತ್ತದ ಗದ್ದೆ.

ಈ ಜೋಡಣೆಯಲ್ಲಿ ಯಾವುದೂ ಸುಮ್ಮನೆ ಅಲ್ಲಿಲ್ಲ. ಅಡಿಕೆ ಮರಕ್ಕೆ ಪಡುವಣ ಬಿಸಿಲು ಆಗದು. ಕಾಂಡ ಸುಟ್ಟು ಸೀಳುತ್ತದೆ. ಹಾಗಾಗಿ ಪಶ್ಚಿಮಕ್ಕೆ ಗುಡ್ಡದ ಮರೆಯಿರುವ ಇಕ್ಕಟ್ಟು ಕಣಿವೆಯನ್ನೇ ಹಿರಿಯರು ಹುಡುಕಿದರು. ಬುಡಕ್ಕೆ ತಂಪು ಬೇಕು, ಆದರೆ ನೀರು ನಿಲ್ಲಬಾರದು. ಅದಕ್ಕೆ ಮರಗಳ ಸಾಲಿನ ನಡುವೆ ಬಸಿಗಾಲುವೆ ತೆಗೆದು, ಪ್ರತಿ ವರ್ಷ ಹೂಳೆತ್ತಿ, ಮಳೆನೀರು ಹಳ್ಳಕ್ಕೆ ಜಾರುವಂತೆ ಮಾಡಿದರು. ಕಾನಿನಲ್ಲಿ ಇಂಗಿದ ಮಳೆ ಬೆಟ್ಟದ ಸೆರೆಯಲ್ಲಿ ಅಬ್ಬಿಯಾಗಿ ಹೊರಬೀಳುವ ಜಾಗವೇ ಮನೆಗೆ ನೆಲೆ. ಅಡಿಕೆ ಮರವನ್ನು ಸೀಳಿ ಮಾಡಿದ ದಬ್ಬೆಯಲ್ಲಿ ಆ ನೀರು ಹರಿದು ಬಚ್ಚಲಿಗೆ, ದನದ ಮರಿಗೆಗೆ, ಕೊನೆಗೆ ತೋಟಕ್ಕೆ ಇಳಿಯುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತಿತ್ತು. ದಬ್ಬೆಯ ಜಾಗಕ್ಕೆ ಪೈಪು ಬಂದಿದ್ದರೂ ಅಬ್ಬಿ ನೀರಿನ ಮನೆಗಳು ಇನ್ನೂ ಬೇಕಾದಷ್ಟಿವೆ.

ಬೆಟ್ಟದಿಂದ ತೋಟಕ್ಕೆ ಹೋಗುವ ದಾರಿ ಕೊಟ್ಟಿಗೆಯ ಮೂಲಕ ಹಾದುಹೋಗುತ್ತದೆ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿ ಒಣಗಿದ ಎಲೆ, ಹೊರೆ ಕಟ್ಟಿ ತಂದು ದನಗಳ ಕಾಲಡಿಗೆ ಹಾಸುತ್ತಾರೆ. ದನ ಮಲಗಿ, ತುಳಿದು, ಸಗಣಿ ಗಂಜಲ ಬೆರೆತದ್ದು ಗೊಬ್ಬರಗುಂಡಿ ಸೇರುತ್ತದೆ. ಕೊಳೆತು ಕಪ್ಪಾದ ಮೇಲೆ ಬುಟ್ಟಿಯಲ್ಲಿ ಹೊತ್ತು ಅಡಿಕೆಯ ಬುಡಕ್ಕೆ. ಸೊಪ್ಪು ಸವರುವುದಕ್ಕೂ ರೀತಿಯಿತ್ತು. ಮರದ ತುದಿ ಕಡಿಯಬಾರದು, ಒಂದು ವರ್ಷ ಸವರಿದ ಮರವನ್ನು ಮುಂದಿನ ವರ್ಷ ಬಿಡಬೇಕು, ಹಣ್ಣಿನ ಮರದ ತಂಟೆಗೆ ಹೋಗಬಾರದು. ಚೆನ್ನಾಗಿ ನೋಡಿಕೊಂಡ ಬೆಟ್ಟದಲ್ಲಿ ಉಪ್ಪಾಗೆ, ಮುರುಗಲು, ಅಪ್ಪೆಮಾವು, ಹಲಸು ತಾವಾಗಿ ಬೆಳೆದುಕೊಂಡವು. ಹಳ್ಳದ ದಂಡೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಸೇರಿತು. ಆ ಮಿಡಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇಲ್ಲಿನ ಅಡುಗೆಮನೆಯ ತಂಬುಳಿ, ಅಪ್ಪೆಹುಳಿ, ಕಳಲೆ ಪಲ್ಯಗಳೆಲ್ಲ ಹಿತ್ತಲು ಮತ್ತು ಬೆಟ್ಟದ ನಡುವಿನ ಇಪ್ಪತ್ತು ಹೆಜ್ಜೆಯಲ್ಲಿ ಹುಟ್ಟಿದವು.

ತೋಟವೂ ಕಾಡಿನ ಅಚ್ಚಿನಲ್ಲೇ ಎರಕ ಹೊಯ್ದಂತಿದೆ. ಮೇಲೆ ಅಡಿಕೆಯ ಗರಿ, ಅದರ ಕಾಂಡಕ್ಕೆ ಹಬ್ಬಿದ ಕಾಳುಮೆಣಸು ಮತ್ತು ವೀಳ್ಯದ ಬಳ್ಳಿ, ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ. 1801ರಲ್ಲಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕನನ್ ಇದನ್ನೆಲ್ಲ ನೋಡಿ ಬರೆದಿಟ್ಟ. ಟಿಪ್ಪು ಮಡಿದ ಮೇಲೆ ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ ಎಂದು ತಿಳಿಯಲು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ವೈದ್ಯ ಅವನು. ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ಹಾದುಹೋದ ಅವನ ದಿನಚರಿಯಲ್ಲಿ ಇಲ್ಲಿನ ತೋಟಗಳೂ ಮೆಣಸಿನ ಬಳ್ಳಿ ಹಬ್ಬಿದ ಕಾನುಗಳೂ ವಿವರವಾಗಿ ದಾಖಲಾಗಿವೆ. ಅವನಿಗಿಂತ ಮುಂಚೆಯೇ ಸೋದೆಯ, ಅಂದರೆ ಸೋಂದಾದ, ಅರಸರು ಈ ಮೆಣಸು ಅಡಿಕೆಗಳ ಬಲದಿಂದ ರಾಜ್ಯ ನಡೆಸಿದ್ದರು. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಸಹಸ್ರಲಿಂಗ ಕಡೆಸಿದ್ದು ಅದೇ ಮನೆತನ. ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಅದೇ ಸೋಂದಾದ ಸುತ್ತ ಇರುವುದು ಆ ಊರಿನ ಹಿಂದಿನ ಸಿರಿಗೆ ಸಾಕ್ಷಿ.

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಆಮೇಲೆ ಬಂದದ್ದು ಅರಣ್ಯ ಇಲಾಖೆಯ ಕಾಲ. ತೇಗ ಬೇಕಾಗಿದ್ದ ಸರಕಾರಕ್ಕೆ ಎಲ್ಲ ಕಾಡೂ ತನ್ನದೇ. ಆದರೆ ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ ಎಂಬುದು ಕಲೆಕ್ಟರುಗಳಿಗೂ ಅರ್ಥವಾಯಿತು. ಹೀಗಾಗಿ ಒಂದು ಒಪ್ಪಂದ ರೂಪುಗೊಂಡಿತು: ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ, ಘಟ್ಟದ ಕೆಳಗೆ 4 ಎಕರೆಯವರೆಗೆ ಸೊಪ್ಪಿನ ಬೆಟ್ಟ. ನೆಲ ಸರಕಾರದ್ದು, ಸೊಪ್ಪು, ದರಕು, ಒಣಕಟ್ಟಿಗೆ, ಹುಲ್ಲಿನ ಅನುಭೋಗ ತೋಟದವನದು. ಬೆಟ್ಟವನ್ನು ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ, ಮರ ಮಾರುವಂತಿಲ್ಲ. ಇಂದಿಗೂ ಈ ಭಾಗದ ಪಹಣಿಗಳಲ್ಲಿ ಬೆಟ್ಟ ಒಂದು ಪ್ರತ್ಯೇಕ ಬಾಬ್ತು. ಖಾಸಗಿಯೂ ಅಲ್ಲದ, ಪೂರಾ ಸರಕಾರಿಯೂ ಅಲ್ಲದ ಇಂಥ ನೆಲವೇ ಈ ಊರುಗಳಿಗೂ ಕಾಯ್ದಿಟ್ಟ ಅರಣ್ಯಕ್ಕೂ ನಡುವೆ ನಿಂತು ಒಂದೂವರೆ ಶತಮಾನ ಎರಡನ್ನೂ ಕಾದಿದೆ ಎಂದು ನಾನು ನಂಬಿದ್ದೇನೆ.

ಕಾನುಗಳಿಗೆ ಆ ಅದೃಷ್ಟ ಇರಲಿಲ್ಲ. 1878ರ ಅರಣ್ಯ ಕಾನೂನು ಬಂದ ಮೇಲೆ ಊರಿನವರು ದೇವರ ಹೆಸರಿನಲ್ಲಿ ಉಳಿಸಿಕೊಂಡಿದ್ದ ಕಾಡುಗಳು ನಕ್ಷೆಯಲ್ಲಿ ಇಲಾಖೆಯ ಬಣ್ಣ ಬಳಿದುಕೊಂಡವು. ದೇವರು ಕಾಯುತ್ತಿದ್ದುದನ್ನು ಗಾರ್ಡು ಕಾಯತೊಡಗಿದ. ಊರಿನವರಿಗೆ ಅದು ಪರರ ಸ್ವತ್ತಾಯಿತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದಾಗ, ಜಮೀನು ಮನೆ ಜಪ್ತಿಯಾದರೂ ಬಗ್ಗದೆ ನಿಂತಾಗ, ಆ ಸಿಟ್ಟಿನಲ್ಲಿ ಕಾಡಿನ ನೋವೂ ಸೇರಿತ್ತು.

ಈ ಕಥೆಯನ್ನು ಅಡಿಕೆ ತೋಟದ ಹವ್ಯಕರ ಕಥೆಯಾಗಿ ಮಾತ್ರ ಹೇಳುವುದು ಅನ್ಯಾಯ. ಕೇರಿಯ ಇನ್ನೊಂದು ತುದಿಯಲ್ಲಿ ದೀವರು, ಕರೆ ಒಕ್ಕಲಿಗರು, ಮಡಿವಾಳರು, ಮುಕ್ರಿಗಳು ಇದ್ದಾರೆ. ತೋಟದ ಕೊನೆ ಕೊಯ್ದವರು, ಬಸಿಗಾಲುವೆ ತೆಗೆದವರು, ಸೊಪ್ಪಿನ ಹೊರೆ ಹೊತ್ತವರು ಹೆಚ್ಚಾಗಿ ಇವರೇ. 1974ರ ಭೂಸುಧಾರಣೆಯಿಂದ ಎಷ್ಟೋ ಗೇಣಿದಾರರಿಗೆ ಗದ್ದೆ ಸಿಕ್ಕಿತು, ಆದರೆ ಬೆಟ್ಟದ ಹಕ್ಕು ತೋಟದ ಬೆನ್ನಿಗೇ ಅಂಟಿಕೊಂಡಿತ್ತು. ತೋಟವಿಲ್ಲದವನಿಗೆ ಸೌದೆಗೂ ದರಕಿಗೂ ಕಾಡೇ ಗತಿ, ಕಾಡಿಗೆ ಹೋದರೆ ಕೇಸು.

ಯಲ್ಲಾಪುರ ತಾಲ್ಲೂಕಿನ ಒಳಕಾಡುಗಳಲ್ಲಿ ಸಿದ್ದಿಗಳ ಕೇರಿಗಳಿವೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿಯಿದು. ಗೋವೆಯಿಂದ ತಪ್ಪಿಸಿಕೊಂಡು ಬಂದವರಿಗೆ ಈ ಕಾಡು ಅಡಗಲು ಜಾಗ ಕೊಟ್ಟಿತು, ಆಮೇಲೆ ಬದುಕಲೂ ಕಲಿಸಿತು. ಜೇನು ಹುಡುಕುವುದರಲ್ಲಿ, ಮರ ಹತ್ತುವುದರಲ್ಲಿ, ಡಮಾಮಿ ಬಾರಿಸಿ ಕುಣಿಯುವುದರಲ್ಲಿ ಅವರಿಗೆ ಸಾಟಿಯಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಎಮ್ಮೆ ಹಿಂಡಿನೊಂದಿಗೆ ಮರಾಠಿ ಸೀಮೆಯಿಂದ ಬಂದ ಗೌಳಿಗಳ ದೊಡ್ಡಿಗಳೂ ಇಲ್ಲಿವೆ. ಇವರೆಲ್ಲರಿಗೂ 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಭರವಸೆ ತಂದಿತು. ಆದರೆ ಪಂಗಡದ ಪಟ್ಟಿಯಲ್ಲಿ ಇಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ದಾಖಲೆ ತರಬೇಕು. ಅಕ್ಷರ ಬಾರದ ಅಜ್ಜ ಗುಡಿಸಲು ಕಟ್ಟಿದ ದಿನಕ್ಕೆ ಕಾಗದ ಎಲ್ಲಿಂದ ಬರಬೇಕು? ಶಿರಸಿ, ಸಿದ್ದಾಪುರಗಳಲ್ಲಿ 'ಅತಿಕ್ರಮಣದಾರ' ಎಂಬ ಹೆಸರು ಹೊತ್ತು ಬದುಕುತ್ತಿರುವ ಬಡ ಕುಟುಂಬಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಈ ನಾಡಿನ ಹಸಿರಿನ ಹೆಮ್ಮೆಯಲ್ಲಿ ಅವರಿಗೂ ಪಾಲಿದೆ ಎಂದು ಒಪ್ಪದೆ ಕಾಡಿನ ಬಗ್ಗೆ ಮಾತಾಡುವುದು ನನಗೆ ಅರೆಮಾತಾಗಿ ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಕಾಡಿನ ಮೇಲೆ ಕಣ್ಣಿಟ್ಟದ್ದು ಕೈಗಾರಿಕೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು, ಪ್ಲೈವುಡ್ಡಿಗೆ ದೊಡ್ಡ ದೊಡ್ಡ ಮರಗಳು. ನೈಸರ್ಗಿಕ ಕಾಡು ಕಡಿದು ತೇಗ ನೆಟ್ಟ ಗುಡ್ಡಗಳ ಕೆಳಗಿನ ತೋಟಗಳಲ್ಲಿ ಮೊದಲು ಬತ್ತಿದ್ದು ಅಬ್ಬಿ. ಎಪ್ಪತ್ತರ ದಶಕದ ಕೊನೆಗೆ ಬೇಡ್ತಿ ಜಲವಿದ್ಯುತ್ ಯೋಜನೆ ಬಂತು. ಯಲ್ಲಾಪುರ, ಶಿರಸಿ ಸೀಮೆಯ ತೋಟಗಳು, ಊರುಗಳು ಮುಳುಗಬೇಕಿತ್ತು. ಇಲ್ಲಿನವರು ಬೀದಿಗಿಳಿದದ್ದಷ್ಟೇ ಅಲ್ಲ, ಲೆಕ್ಕ ಹಾಕಿ ತೋರಿಸಿದರು. 1923ರಲ್ಲಿ ಅಡಿಕೆ ಬೆಳೆಗಾರರೇ ಕಟ್ಟಿಕೊಂಡ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್ಎಸ್, 1981ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ಕಾಡಿನ, ತೋಟದ, ಮೆಣಸಿನ ಬೆಲೆಯನ್ನು ವಿದ್ಯುತ್ತಿನ ಎದುರು ಇಟ್ಟು ತೂಗಲಾಯಿತು. ಯೋಜನೆಯನ್ನು ಕೈಬಿಡಲಾಯಿತು. ಅಡಿಕೆ ಮಾರುವ ಸಂಘವೊಂದು ಅಣೆಕಟ್ಟಿನ ಲಾಭನಷ್ಟ ಪರಿಶೀಲಿಸಿದ ಇಂಥ ನಿದರ್ಶನ ದೇಶದಲ್ಲಿ ವಿರಳ, ಅದರ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಹೇಳಬೇಕಿತ್ತು.

ಅಪ್ಪಿಕೋ ಚಳವಳಿಯ ಹೆಸರು ಮಾತ್ರ ಎಲ್ಲ ಕಡೆ ಹಬ್ಬಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಮಳೆಯಲ್ಲಿ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಚಿಪ್ಕೋದ ಸುಂದರಲಾಲ್ ಬಹುಗುಣರ ಪ್ರೇರಣೆ ಹಿಂದಿತ್ತು, ಪಾಂಡುರಂಗ ಹೆಗಡೆಯವರ ಮುಂದಾಳತ್ವ ಜತೆಗಿತ್ತು. 38 ದಿನ ನಡೆದ ಆ ಕಾವಲು ಕೊಡಲಿಗಳನ್ನು ವಾಪಸು ಕಳಿಸಿತು, ಚಳವಳಿ ಸಿದ್ದಾಪುರಕ್ಕೂ ಆಚೆಗೂ ಹಬ್ಬಿತು. ಮರ ಅಪ್ಪಿಕೊಂಡ ಚಿತ್ರ ಪ್ರಸಿದ್ಧವಾಯಿತು. ಅದರ ಹಿಂದಿದ್ದದ್ದು ಗೃಹಿಣಿಯರ ಸರಳವಾದ ಕಾಣ್ಕೆ: ಗುಡ್ಡ ಬೋಳಾದ ವರ್ಷ ನೀರು ಹೊರುವ ದೂರ ಹೆಚ್ಚಿತ್ತು. ಆ ಮಹಿಳೆಯರಲ್ಲಿ ಬಹಳ ಮಂದಿ ತಮ್ಮ ಹಿತ್ತಲಿನ ಬೀಜಗಳನ್ನೂ ಅಷ್ಟೇ ಕಾಳಜಿಯಿಂದ ಕಾದವರು. 2001ರಲ್ಲಿ ಶುರುವಾದ 'ವನಸ್ತ್ರೀ' ಸಂಘಟನೆ ಅಂಥ ಹಿತ್ತಲುಗಳನ್ನು ಒಂದಕ್ಕೊಂದು ಬೆಸೆದು, ಶಿರಸಿಯ ಮಲೆನಾಡು ಮೇಳದಲ್ಲಿ ಬದನೆ, ಬೆಂಡೆ, ಅವರೆ, ಗೆಡ್ಡೆಗಳ ನಾಟಿ ತಳಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿದೆ.

ಈ ಕಾಡುಗಳೊಳಗೆ ಎಂಥ ಸಂಪತ್ತು ಇತ್ತೆಂಬುದು ವಿಜ್ಞಾನಕ್ಕೆ ತಿಳಿದದ್ದು ಇನ್ನೂ ತಡವಾಗಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಹಳ್ಳದ ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳಿವೆ. ರಾಮಪತ್ರೆ ಜಡ್ಡಿ ಎಂದು ಕರೆಯುವ ಈ ಜೌಗುಕಾಡು ಕೋಟ್ಯಂತರ ವರ್ಷದ ಹಿಂದಿನ ಸಸ್ಯಕುಲದ ಉಳಿಕೆ. 2000ದಲ್ಲಿ ಇಲ್ಲಿ ಸಿಕ್ಕ ಗೇರುಕುಲದ ಒಂದು ಹೊಸ ಮರಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ದೂರದ ತಿರುವಾಂಕೂರಿನಲ್ಲಷ್ಟೇ ಉಳಿದಿವೆ ಎಂದುಕೊಂಡಿದ್ದ ಅಪರೂಪದ ಮರಗಳನ್ನು ಪರಿಸರ ವಿಜ್ಞಾನಿ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಇಲ್ಲಿ ಗುರುತಿಸಿದರು. ಅದೇ ಸೀಮೆಯಲ್ಲಿ, ಉಂಚಳ್ಳಿ ಜಲಪಾತದ ಆಸುಪಾಸಿನಲ್ಲಿ, ಸಿಂಗಳೀಕಗಳ ದೊಡ್ಡ ಗುಂಪುಗಳು ಪತ್ತೆಯಾದವು. ಈ ಮಂಗಗಳು ಉಳಿದದ್ದು ಜನರಿಲ್ಲದ ಕಾಡಿನಲ್ಲೇನೂ ಅಲ್ಲ. ಗದ್ದೆ ತೋಟ ಮನೆಗಳು ನಡುನಡುವೆ ಇರುವ ಕಾಡಿನಲ್ಲಿ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದಾಗ ಜನರ ಜತೆಗಿನ ಬಾಳುವೆಗೆ ಅದರಲ್ಲಿ ಜಾಗವಿತ್ತು. 2019ರಲ್ಲಿ ಆ ಪ್ರದೇಶವನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದಾಗ ಹಳ್ಳಿಗಳಲ್ಲಿ ದಿಗಿಲು ಹುಟ್ಟಿತು. ಆ ದಿಗಿಲನ್ನು ಕಾಡಿನ ವಿರೋಧವೆಂದು ಓದುವುದು ತಪ್ಪು. ತಲೆಮಾರುಗಳಿಂದ ಕಾದವರನ್ನು ಹೊರಗಿನವರಂತೆ ಕಾಣುವ ಕಾಗದದ ಭಾಷೆಗೆ ಅವರು ಅಂಜಿದ್ದು.

ಕಾಡಿನ ಪಕ್ಕದ ವಾಸಕ್ಕೆ ಬೆಲೆಯೂ ಇದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರಕ್ಕೆ ಹೊಸದಲ್ಲ. 2024ರ ಬೇಸಿಗೆಯಲ್ಲೂ ಆ ತಾಲ್ಲೂಕು ಕಾಯಿಲೆಯ ಹೊಡೆತಕ್ಕೆ ಸಿಕ್ಕಿ ಸಾವುಗಳನ್ನು ಕಂಡಿತು. ಉಣುಗಿನ ಕಡಿತದಿಂದ ಹರಡುವ ಈ ಜ್ವರ ಹೆಚ್ಚಾಗಿ ಹಿಡಿಯುವುದು ದರಕು ಗುಡಿಸಲು, ಸೌದೆ ತರಲು ಬೆಟ್ಟಕ್ಕೆ ಹೋಗುವವರನ್ನು. ನಂಬಬಹುದಾದ ಲಸಿಕೆ ಕೈಗೆ ಬರುವ ತನಕ ಕೈಕಾಲಿಗೆ ಉಣುಗು ದೂರವಿಡುವ ಡೆಪಾ ತೈಲ ಸವರಿಕೊಂಡು ಹೋಗುವುದೊಂದೇ ದಾರಿ. ತೋಟದ ಅಂಚಿನಲ್ಲಿ ಸತ್ತು ಬಿದ್ದ ಮಂಗ ಕಂಡರೆ ಇಡೀ ಕೇರಿ ಮಾತು ನಿಲ್ಲಿಸುತ್ತದೆ.

ಇನ್ನೊಂದು ಬೆಲೆ ಕಳಚೆಯದು. ಯಲ್ಲಾಪುರ ತಾಲ್ಲೂಕಿನ ಆ ಊರು ಅಡಿಕೆ ತೋಟಗಳ ಚೆಲುವಿಗೆ ಹೆಸರಾಗಿತ್ತು. 2021ರ ಜುಲೈಯಲ್ಲಿ ಎಡೆಬಿಡದೆ ಸುರಿದ ಮಳೆಗೆ ಗುಡ್ಡಗಳು ಒಂದರ ಹಿಂದೆ ಒಂದರಂತೆ ಕುಸಿದು, ತೋಟಗಳು ಬೇರುಸಹಿತ ಕೆಳಗೆ ಜಾರಿದವು, ಮನೆಗಳು ಬಿರುಕು ಬಿಟ್ಟವು, ರಸ್ತೆ ಮಾಯವಾಯಿತು. ಅದೇ ಮಳೆಗೆ ಗಂಗಾವಳಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಗಿ ಹೊಳೆಯಾಚೆಯ ಹಳ್ಳಿಗಳು ದ್ವೀಪಗಳಾದವು. ಅಜ್ಜನ ಕಾಲದ ಇಳಿಜಾರಿನ ಲೆಕ್ಕಕ್ಕೆ ಇಷ್ಟು ಸಣ್ಣ ಅವಧಿಯಲ್ಲಿ ಇಷ್ಟು ಮಳೆ ಸುರಿಯುವ ಕಲ್ಪನೆ ಇರಲಿಲ್ಲ. ಊರು ಬಿಡಬೇಕೆ, ಉಳಿಯಬೇಕೆ ಎಂಬ ಚರ್ಚೆ ಕಳಚೆಯಲ್ಲಿ ನಡೆಯಿತು. ಸುರಕ್ಷಿತ ಜಾಗ ಕೊಟ್ಟರೂ ತೋಟವನ್ನು ಹೊತ್ತೊಯ್ಯಲು ಆಗುವುದಿಲ್ಲವಲ್ಲ. ಈಗ ಬೇಡ್ತಿ-ವರದಾ ನದಿ ಜೋಡಣೆಯ ಮಾತು ಮತ್ತೆ ಎದ್ದಿರುವಾಗ ಸ್ವರ್ಣವಲ್ಲಿ ಮಠದ ನೇತೃತ್ವದಲ್ಲಿ ಜನ ವಿರೋಧಕ್ಕೆ ನಿಂತಿದ್ದಾರೆ. ಕಳಚೆಯನ್ನು ಕಂಡವರಿಗೆ ಈ ಗುಡ್ಡಗಳ ಹೊಟ್ಟೆಯಲ್ಲಿ ಸುರಂಗ, ಕೊಳವೆ ಎಂದರೆ ನಡುಕ ಹುಟ್ಟುವುದು ಸಹಜ.

ಪೇಟೆಯ ಕಡೆಗೂ ಒಮ್ಮೆ ನೋಡಬೇಕು. ಶಿರಸಿ ಇಂದು ಹೆದ್ದಾರಿ, ಮಾಲು, ಆಸ್ಪತ್ರೆಗಳ ಊರಾಗಿ ಬೆಳೆಯುತ್ತಿದೆ. ಅಘನಾಶಿನಿಯ ಒಂದು ಮೂಲವೆಂದು ಹೇಳುವ ಶಂಕರಹೊಂಡ ಈ ಪಟ್ಟಣದ ಮನೆಗಳ ನಡುವೆಯೇ ಇದೆ. ಯಾವ ಅಣೆಕಟ್ಟೂ ಇಲ್ಲದೆ ಸಮುದ್ರ ಸೇರುವ ನದಿಯೊಂದು ಹೀಗೆ ಬಡಾವಣೆಯಲ್ಲಿ ಹುಟ್ಟುವುದು ಎಷ್ಟು ಊರುಗಳ ಭಾಗ್ಯ! ಊರ ದೇವತೆ ಮಾರಿಕಾಂಬೆಯ ಮೂರ್ತಿ ಸಿಕ್ಕಿತೆಂದು ನಂಬುವ ದೇವಿಕೆರೆ ಬಸ್ ನಿಲ್ದಾಣಕ್ಕೆ ಕೂಗಳತೆಯಲ್ಲಿದೆ. 2016-17ರ ಬರದಲ್ಲಿ ಮಲೆನಾಡಿನ ಈ ಪೇಟೆಗೂ ಟ್ಯಾಂಕರಿನ ರುಚಿ ಗೊತ್ತಾಯಿತು. ಆಗ ಜೀವಜಲ ಕಾರ್ಯಪಡೆ ಎಂಬ ನಾಗರಿಕರ ತಂಡ ಸ್ವಂತ ಹಣ, ಶ್ರಮ ಹಾಕಿ ಪಟ್ಟಣದ ಕೆರೆಗಳ ಹೂಳೆತ್ತಿತು. ಪಕ್ಕದ ಕಳವೆಯಲ್ಲಿ ಶಿವಾನಂದ ಕಳವೆಯವರು ಊರವರ ಜತೆ ಬೆಟ್ಟದ ತಲೆಯಲ್ಲಿ ಇಂಗುಗುಂಡಿ ತೆಗೆದು, ಕೆರೆ ಸರಿಪಡಿಸಿ, ಅದನ್ನೆಲ್ಲ ಬರೆದು ನಾಡಿಗೆ ತಿಳಿಸಿದರು. ಹೊಸ ಬಡಾವಣೆಗಳ ನಿವೇಶನದಾರರು ಮನೆಗೆ 'ಕಾನನ', 'ವನಶ್ರೀ' ಎಂದು ಹೆಸರಿಡುತ್ತಾರೆ, ಆದರೆ ಅಂಗಳಕ್ಕೆ ಪೂರ್ತಿ ಸಿಮೆಂಟು ಹಾಕಿಸುತ್ತಾರೆ. ಆ ಸಿಮೆಂಟಿನಲ್ಲಿ ನಾಲ್ಕಡಿ ಮಣ್ಣು ಬಿಟ್ಟು ಒಂದು ಮುರುಗಲು ಗಿಡ ನೆಟ್ಟರೆ ಬೇಸಿಗೆಗೆ ಪಾನಕವಾದರೂ ಸಿಗುತ್ತದೆ.

ಹಳ್ಳಿಯ ಮನೆಗಳಿಗೆ ಹೋದರೆ ಮೊದಲ ಮಾತು ಇವತ್ತಿಗೂ 'ಬನ್ನಿ, ಆಸರಿಗೆ ಎಂತ ಬೇಕು?' ಎಂಬುದೇ. ಬೆಲ್ಲ ನೀರೋ, ಮಜ್ಜಿಗೆಯೋ ಬರುತ್ತದೆ. ಆದರೆ ಅದನ್ನು ತರುವವರ ವಯಸ್ಸು ಎಪ್ಪತ್ತು ದಾಟಿರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅದಕ್ಕೂ ದೂರದಲ್ಲಿ. ತೋಟದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಸಂಕಟ ಈ ಮೂರೂ ತಾಲ್ಲೂಕುಗಳ ಮನೆಮನೆಯ ಮಾತು. ಜೂನ್ ಜುಲೈಯಲ್ಲಿ ಮಳೆ ಬಿಡುವು ಕೊಟ್ಟಾಗ ಬೋರ್ಡೋ ಮದ್ದು ಹೊಡೆಯದಿದ್ದರೆ ಕೊಳೆರೋಗ. ಅದು ಹಳೆಯ ಶತ್ರು. ಎಲೆಚುಕ್ಕಿ ರೋಗ ಹೊಸದು, ಮಳೆ ಹೆಚ್ಚಿರುವ ಕಣಿವೆಗಳಲ್ಲಿ ತೋಟಕ್ಕೆ ತೋಟವೇ ಕಂದಿಹೋಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಂಗ, ಹಂದಿ, ಕಾಡುಕೋಣಗಳ ಕಾಟಕ್ಕೆ ಗದ್ದೆ ಬೀಳುಬಿಟ್ಟವರು ಬಹಳ.

ಇಷ್ಟೆಲ್ಲದರ ನಡುವೆ ತೋಟ ಹೇಗೋ ನಡೆಯುತ್ತಿದೆ, ಏಕೆಂದರೆ ಅಡಿಕೆಗೆ ಬೆಲೆಯಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬೆಳೆಯುವ ಅಡಿಕೆಗೆ 'ಶಿರಸಿ ಸುಪಾರಿ' ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ಈ ಮೂರು ತಾಲ್ಲೂಕುಗಳನ್ನು ಒಂದೇ ರುಚಿಯ ಸೀಮೆಯೆಂದು ಒಪ್ಪಿದಂತೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರ ಕೊರತೆಗೂ ಉತ್ತರ ಬಂದಿದೆ: ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಕೆಲವೇ ವರ್ಷಗಳಲ್ಲಿ ಊರೂರಿಗೆ ಹಬ್ಬಿತು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ತಗ್ಗಿತು. ಮನೆಗೆ ಇಂಟರ್ನೆಟ್ಟು ಬಂದಲ್ಲಿ ಒಬ್ಬಿಬ್ಬರು ಹುಡುಗರು ಕಂಪ್ಯೂಟರಿನ ಕೆಲಸವನ್ನು ಹೊತ್ತುಕೊಂಡೇ ಜಗುಲಿಗೆ ಮರಳಿದ್ದಾರೆ. ಖಾಲಿ ಕೋಣೆಗಳು ಹೋಂಸ್ಟೇ ಆಗಿವೆ. ಇವೆಲ್ಲ ಒಳ್ಳೆಯ ಸುದ್ದಿಯೇ.

ಯಾರೂ ವಿಚಾರಿಸದೆ ಉಳಿದದ್ದು ಬೆಟ್ಟ. ದನ ಕಡಿಮೆಯಾದವು, ಕೊಟ್ಟಿಗೆ ಗ್ಯಾರೇಜಾಯಿತು, ಗೊಬ್ಬರ ಚೀಲದಲ್ಲಿ ಬರುತ್ತದೆ. ಸೊಪ್ಪು ಬೇಡವಾದವನಿಗೆ ಬೆಟ್ಟ ಬರೀ ಪಹಣಿಯ ಒಂದು ಸಾಲು. ಕೆಲವು ಬೆಟ್ಟಗಳು ಕಾಡಾಗಿ ಮರಳುತ್ತಿವೆ, ಅದು ಸಂತೋಷ. ಉಳಿದ ಕಡೆ ಲಾಂಟಾನದ ಪೊದೆ, ಬೇಸಿಗೆಯ ಬೆಂಕಿ. ಇನ್ನು ಕೆಲವೆಡೆ ಜೆಸಿಬಿ ಬಂದು ಬೆಟ್ಟವನ್ನೇ ಸಮತಟ್ಟು ಮಾಡಿ ಹೊಸ ಅಡಿಕೆ ನೆಟ್ಟಿದ್ದಾರೆ. ನೆರಳಿಲ್ಲದ, ಅಬ್ಬಿಯಿಲ್ಲದ ಆ ತೋಟಕ್ಕೆ ಕೊಳವೆಬಾವಿಯೇ ಗತಿ. ತೊಂಬತ್ತರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ 'ಯಾರದೂ ಅಲ್ಲದ' ಮರಗಳ ಕೊಂಬೆಯನ್ನೇ ಕಡಿದು ಹಣ್ಣಿಳಿಸಿದ್ದನ್ನು ಈ ಊರುಗಳು ನೋಡಿವೆ. ಒಡೆಯನ ಕಣ್ಣಿರುವ ಬೆಟ್ಟದಲ್ಲಿ ಮಾತ್ರ ಉಪ್ಪಾಗೆ ಉಳಿಯಿತು.

ನನ್ನ ಅನಿಸಿಕೆಯನ್ನು ನೇರವಾಗಿಯೇ ಹೇಳುತ್ತೇನೆ. ಸೊಪ್ಪಿಗಾಗಿ ಕೊಟ್ಟ ಬೆಟ್ಟವನ್ನು ಸೊಪ್ಪು ಬೇಡವಾದ ಕಾಲಕ್ಕೆ ತಕ್ಕಂತೆ ಮತ್ತೆ ಯೋಚಿಸಬೇಕು. ಅಪ್ಪೆಮಿಡಿ, ಮುರುಗಲು, ಉಪ್ಪಾಗೆ, ವಾಟೆ, ದಾಲ್ಚಿನ್ನಿ, ಜೇನು ಇವು ಬೆಟ್ಟದ ಮರ ಕಡಿಯದೆ ಬರುವ ಆದಾಯ. ಶಿರಸಿಯಲ್ಲಿ 1985ರಿಂದ ಅರಣ್ಯ ಕಾಲೇಜಿದೆ, ಕಸಿ ಕಟ್ಟುವ ಕೈಗಳು ಹಳ್ಳಿಹಳ್ಳಿಯಲ್ಲಿವೆ, ಮಾರುವುದಕ್ಕೆ ಸಹಕಾರಿ ಸಂಘಗಳಿವೆ. ತೋಟದ ಒಡೆಯನ ಅನುಭೋಗದ ಜತೆಗೆ ಅದೇ ಕೇರಿಯ ತೋಟವಿಲ್ಲದ ಮನೆಗಳಿಗೂ ಫಸಲಿನಲ್ಲಿ ಲಿಖಿತವಾದ ಪಾಲು ಸಿಗುವಂತೆ ಮಾಡಿದರೆ ಬೆಟ್ಟಕ್ಕೆ ಮತ್ತೆ ಕಾವಲು ಸಿಗುತ್ತದೆ, ಬೇಸಿಗೆಯ ಬೆಂಕಿ ಆರಿಸಲು ಹತ್ತು ಜನ ಓಡಿಬರುತ್ತಾರೆ. ಇದನ್ನು ಬೆಂಗಳೂರಿನಲ್ಲಿ ತೀರ್ಮಾನಿಸುವುದಕ್ಕಿಂತ ಒಂದೊಂದು ಗ್ರಾಮಸಭೆಯಲ್ಲಿ ಒಂದೊಂದು ಬೆಟ್ಟದ ನಕ್ಷೆ ಹಾಸಿ ಮಾತಾಡುವುದು ಒಳ್ಳೆಯದು. ಮೊದಲ ಸಭೆ ಮಳೆಗಾಲಕ್ಕೆ ಮುಂಚೆಯೇ ಆಗಬೇಕು; ಗಿಡ ನೆಡಲು ಜೂನ್ ತಿಂಗಳ ಮೊದಲ ಮಳೆಯೇ ಸರಿಯಾದ ಹೊತ್ತು.